ಅಪ್ಪ ನಾಲ್ಕು ತಿಂಗಳಲ್ಲಿ 14 ಕೆ.ಜಿ. ಇಳಿದಿದ್ದಾರೆ, ರಾತ್ರಿಯೆಲ್ಲ ನೋವು. ಅನುಭವ ಇದ್ದವರು ಹೇಳಿ

ಹಿರೇಕೆರೂರು ಹುಡುಗ:
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 61 ವರ್ಷ. ಯುಗಾದಿ ಹೊತ್ತಿಗೆ 68 ಕೆ.ಜಿ. ಇದ್ದರು, ಈಗ 54. ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಗಿ ಬೆನ್ನಿಗೆ ಹೋಗುತ್ತದೆ. ಮಲಗಿದರೆ ಜಾಸ್ತಿ. ನಡುರಾತ್ರಿ ಎದ್ದು ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂರುತ್ತಾರೆ. ಕಳೆದ ವರ್ಷವಷ್ಟೇ ಶುಗರ್ ಬಂದಿದೆ. ಊರಿನ ಡಾಕ್ಟರು ಗ್ಯಾಸ್ ಅಂತ ಎರಡು ತಿಂಗಳಿಂದ ಮಾತ್ರೆ ಕೊಡುತ್ತಿದ್ದಾರೆ. ಸ್ಕ್ಯಾನಿಂಗ್ ನಾರ್ಮಲ್. ಆದರೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಗ್ಯಾಸ್‌ನಿಂದ ಸರಿಯಾಗಿ ಕಾಣಲಿಲ್ಲ ಅಂತ ಕೆಳಗೆ ಬರೆದಿದ್ದಾರೆ. ಸಿ.ಟಿ. ಮಾಡಿಸಬೇಕಾ? ಹುಬ್ಬಳ್ಳಿನಾ, ದಾವಣಗೆರೆನಾ, ಮಣಿಪಾಲನಾ? ಬಿಪಿಎಲ್ ಕಾರ್ಡ್ ಇದೆ.

ಅರಸೀಕೆರೆ ಅಕ್ಕ:
ತಮ್ಮಾ, ಮೊದಲು ಟಿಬಿ ಟೆಸ್ಟ್ ಮಾಡಿಸು. ನಮ್ಮ ಮನೆಯವರದ್ದೂ ಹೀಗೇ ಆಗಿತ್ತು. ಲೇತ್ ಕೆಲಸ, 43 ವರ್ಷ. 66 ಇದ್ದವರು 48ಕ್ಕೆ ಬಂದರು. ಬೆನ್ನು ನೋವು. ಭಾರ ಎತ್ತಿ ಎತ್ತಿ ಡಿಸ್ಕ್ ಜಾರಿದೆ ಅಂದರು. ಬೆಲ್ಟ್ 1,450. ಕರೆಂಟ್ ಶಾಖ ದಿನಕ್ಕೆ 250ರಂತೆ 22 ದಿನ, ಅಂದರೆ 5,500. ಸೊಂಟಕ್ಕೆ ಇಂಜೆಕ್ಷನ್ ಮೂರು ಸಲ, ಒಂದಕ್ಕೆ 3,800. ಕೊನೆಗೆ ಒಬ್ಬರು 1 ಲಕ್ಷ 80 ಸಾವಿರಕ್ಕೆ ಆಪರೇಷನ್ ಡೇಟೂ ಕೊಟ್ಟರು. ಓಲೆ ಅಡ ಇಡುವುದಕ್ಕೆ ಹೊರಟಿದ್ದೆ.

ಸಂಜೆ ಹೊತ್ತು ಮೈ ಬೆಚ್ಚಗಾಗುತ್ತಿತ್ತು, ನನಗೆ ಹೇಳುತ್ತಿರಲಿಲ್ಲ. ರಾತ್ರಿ ಬನಿಯನ್ ಹಿಂಡಿದರೆ ನೀರು ಬರುವಷ್ಟು ಬೆವರು. ಅದನ್ನು ನೋಡಿ ನಮ್ಮ ಆಶಾ ಕಾರ್ಯಕರ್ತೆ ‘ಅಕ್ಕ, ಇದು ಬೇರೆ ಏನೋ’ ಅಂದಳು. ಮೂರು ಸ್ಪೆಷಲಿಸ್ಟ್‌ಗಳು ಹೇಳದ್ದು. ಒಳಗಿನ ಉರಿಯೂತ ತೋರಿಸುವ ರಕ್ತದ ಟೆಸ್ಟ್ ಇಎಸ್‌ಆರ್ 96. ಎಂಆರ್‌ಐ 6,500. ಎರಡು ಮೂಳೆ ಕೊರೆದುಹೋಗಿ ಪಕ್ಕದಲ್ಲಿ ಕೀವು ಕಟ್ಟಿತ್ತು. ಸೂಜಿ ಹಾಕಿ ತೆಗೆದು ಸಿಬಿನಾಟ್ ಅನ್ನೋ ಟಿಬಿ ಟೆಸ್ಟ್‌ಗೆ ಕಳಿಸಿದರು, ಪಾಸಿಟಿವ್. ಆಮೇಲೆ ಒಂದು ಪೈಸೆ ಖರ್ಚಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೇ ಮಾತ್ರೆ, ಒಂದು ವರ್ಷ. ಮೂತ್ರ ಕಿತ್ತಳೆ ಬಣ್ಣ ಬಂದಾಗ ಹೆದರಿಕೊಂಡಿದ್ದೆವು, ಅದು ಮಾತ್ರೆಯ ಬಣ್ಣವಂತೆ. ತೂಕ 53 ಮುಟ್ಟಿದಾಗ ದಿನಕ್ಕೆ ಮೂರಿದ್ದ ಮಾತ್ರೆ ನಾಲ್ಕಾಯಿತು. ಅವತ್ತು ಮನೆಯಲ್ಲಿ ಹೋಳಿಗೆ ಮಾಡಿದೆ. ಊಟದ ದುಡ್ಡು ತಿಂಗಳಿಗೆ 500 ಅಕೌಂಟಿಗೆ ಬರುತ್ತಿತ್ತು, 2024ರ ನವೆಂಬರ್‌ನಿಂದ ಸಾವಿರ ಆಯಿತು. ಬೆಲ್ಟ್ ಇನ್ನೂ ಅಟ್ಟದ ಮೇಲಿದೆ. ಬೇಕಾದವರು ತಗೊಂಡು ಹೋಗಿ.

ಮೈಸೂರು ಮಗ:
ಟಿಬಿ ಆಗಿದ್ದರೆ ಪುಣ್ಯ ಅನ್ನಬೇಕು.

ಅಮ್ಮನಿಗೆ 64. ಸಣ್ಣಗಾದಾಗ ಮದುವೆ ಮನೆಯಲ್ಲಿ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ‘ವಾಕಿಂಗ್ ಹೋಗ್ತೀರಾ, ಎಷ್ಟು ಲಕ್ಷಣವಾಗಿ ಇಳಿದಿದ್ದೀರಿ!’ ಅಮ್ಮ ನಗುತ್ತಿದ್ದರು. ಮನೆಗೆ ಬಂದು ಬ್ಲೌಸ್‌ಗೆ ಮೂರನೇ ಸಲ ಹೊಲಿಗೆ ಹಾಕಿಕೊಂಡರು. 63ಕ್ಕೆ ಹೊಸದಾಗಿ ಶುಗರ್ ಬಂದಿತ್ತು. ನಮ್ಮ ವಂಶದಲ್ಲೇ ಯಾರಿಗೂ ಇರಲಿಲ್ಲ. ಶುಗರ್ ಇದ್ದರೆ ತೂಕ ಇಳಿಯುತ್ತೆ ಅಂದರು, ಒಪ್ಪಿಕೊಂಡೆವು. ಎಂಡೋಸ್ಕೋಪಿ ಎರಡು ಸಲ, 3,200 ಮತ್ತೆ 3,200. ಎರಡರಲ್ಲೂ ಸ್ವಲ್ಪ ಹುಣ್ಣು ಅಂತ ಬಂತು. ಮೈ ಕೆರೆತ ಶುರುವಾದಾಗ ಚಳಿಗಾಲ ಅಂತ ಕೊಬ್ಬರಿ ಎಣ್ಣೆ ಹಚ್ಚಿದೆವು. ಮಲ ಸುಣ್ಣದ ಬಣ್ಣ ಆಗಿದ್ದನ್ನು ಅಮ್ಮ ನಾಚಿಕೆಗೆ ಹೇಳಲೇ ಇಲ್ಲ. ಕಣ್ಣು ಹಳದಿ ಆದ ಮೇಲೆ ಸಿ.ಟಿ. ಅದೂ ಮೊದಲು ಸಾದಾ ಸಿ.ಟಿ. ಮಾಡಿ 4,500 ದಂಡ. ಮತ್ತೆ ರಕ್ತನಾಳಕ್ಕೆ ಕಾಂಟ್ರಾಸ್ಟ್ ಔಷಧಿ ಹಾಕಿ 9,800. ಪ್ಯಾಂಕ್ರಿಯಾಸ್ ತಲೆಯಲ್ಲಿ 3.4 ಸೆಂ.ಮೀ. ಗಡ್ಡೆ.

ಇಆರ್‌ಸಿಪಿ ಮಾಡಿ, ಅಂದರೆ ಬಾಯಿಂದ ಟ್ಯೂಬ್ ಇಳಿಸಿ, ಕಟ್ಟಿದ ಪಿತ್ತನಾಳಕ್ಕೆ ಪ್ಲಾಸ್ಟಿಕ್ ಸ್ಟೆಂಟ್ (ನಳಿಕೆ), 42,000. ಏಳು ವಾರಕ್ಕೆ ಕಟ್ಟಿಕೊಂಡು ಚಳಿಜ್ವರ. ಮತ್ತೆ ಮೆಟಲ್ ಸ್ಟೆಂಟ್, 1,05,000. ಮೊದಲೇ ಮೆಟಲ್ ಹಾಕಬಹುದಿತ್ತಲ್ಲ ಅಂದರೆ ‘ನೀವು ಕೇಳಲಿಲ್ಲ’ ಅಂದರು! ನಾನೇನು ಡಾಕ್ಟರಾ? ಎಂಡೋಸ್ಕೋಪಿಯಲ್ಲೇ ಸೂಜಿ ಹಾಕಿ ತೆಗೆಯುವ ಇಯುಎಸ್ ಬಯಾಪ್ಸಿ 38,000. ಪೆಟ್ ಸ್ಕ್ಯಾನ್ 22,000, ಅದರಲ್ಲಿ ಲಿವರ್‌ಗೆ ಬಂದಿದೆ ಅಂತ ಗೊತ್ತಾಯಿತು. ಇನ್ನು ಗಡ್ಡೆ ತೆಗೆಯುವ ವಿಪಲ್ ಆಪರೇಷನ್ ಮಾತೇ ಇಲ್ಲ. ಅಣ್ಣ ಟೆಕ್ಸಸ್‌ನಿಂದ ಫೋನ್ ಮಾಡಿ ಕೀಮೋ ಮಾಡಿಸಲೇಬೇಕು ಅಂದ. ಮಾಡಿಸಿದೆ. ಒಟ್ಟು 9 ಲಕ್ಷ 60 ಸಾವಿರ. ನಂಜನಗೂಡಿನ 30x40 ಸೈಟು ಹೋಯಿತು. ಎಂಟು ತಿಂಗಳು ಇದ್ದರು. ಅದರಲ್ಲಿ ಐದು ತಿಂಗಳು ನೋವಿಗೆ ಬರೀ ಟ್ರಮಡಾಲ್. ಮಾರ್ಫಿನ್ ಅಂತ ಒಂದಿದೆ, ಮಾತ್ರೆಗೆ ಹತ್ತು ರೂಪಾಯಿಯೂ ಇಲ್ಲ ಅಂತ ಗೊತ್ತಾಗಿದ್ದು ಕೊನೆಯ ಐದು ವಾರದಲ್ಲಿ. ಹೊಟ್ಟೆಯ ನರಕ್ಕೆ ಇಂಜೆಕ್ಷನ್ ಕೊಟ್ಟು ನೋವು ತಗ್ಗಿಸಬಹುದು ಅನ್ನೋದನ್ನೂ ಆಗಲೇ ಕೇಳಿದ್ದು. ಕೀಮೋಗೆ ಕಟ್ಟಿದ ದುಡ್ಡಿಗಿಂತ ಆ ಐದು ತಿಂಗಳೇ ನನ್ನನ್ನು ಸುಡುತ್ತದೆ.

ತೀರ್ಥಹಳ್ಳಿ ಅಡಿಕೆ:
ಇಷ್ಟೆಲ್ಲ ಯಾಕೆ ಸುರಿದಿರಿ? ನಮ್ಮ ಚಿಕ್ಕಪ್ಪನಿಗೆ ಹೊಟ್ಟೆಯಲ್ಲಿ ಗಡ್ಡೆ ಇತ್ತು. ತೂಕ ಇಳಿದು ಹಗ್ಗದ ಹಾಗೆ ಆಗಿದ್ದರು. ನಮ್ಮ ಕಡೆ ಒಬ್ಬರು ಔಷಧಿ ಮರದ ಚಕ್ಕೆ ಕೊಡುತ್ತಾರೆ, ರಾತ್ರಿ ಸರದಿ ನಿಂತು ತಂದೆವು. ಕಷಾಯ ಮಾಡಿ ಬೆಳಿಗ್ಗೆ ಸಂಜೆ. ಖರ್ಚು 400 ರೂಪಾಯಿ, ಜೊತೆಗೆ ಬಸ್ ಚಾರ್ಜು. ಆರು ವರ್ಷ ಆಯಿತು, ಈಗಲೂ ಕೊನೆ ಕೊಯ್ಲಿಗೆ ಬರುತ್ತಾರೆ. ಬಯಾಪ್ಸಿಗೆ ಸೂಜಿ ಹಾಕಿದರೆ ಕಾಯಿಲೆ ಕೆರಳಿ ಹರಡುತ್ತದೆ. ಅದೇ ತಪ್ಪು.

ಮೈಸೂರು ಮಗ:
ನಿಮ್ಮ ಚಿಕ್ಕಪ್ಪನ ಬಯಾಪ್ಸಿ ರಿಪೋರ್ಟ್ ಇದೆಯಾ?

ತೀರ್ಥಹಳ್ಳಿ ಅಡಿಕೆ:
ಸೂಜಿ ಹಾಕಿಸಲಿಲ್ಲ ಅಂತ ಹೇಳಿದೆನಲ್ಲ.

ಮೈಸೂರು ಮಗ:
ಹಾಗಾದರೆ ಕ್ಯಾನ್ಸರ್ ಅಂತ ಹೇಳಿದ್ದು ಯಾರು, ಅಡಿಕೆ ಮರನಾ? ಅಕ್ಕನ ಯಜಮಾನರದ್ದೂ ಕೀವಿನ ಗಡ್ಡೆಯೇ ಅಲ್ವಾ? ಅದಕ್ಕೂ ಚಕ್ಕೆ ಕುಡಿಸಿದ್ದರೆ ಇವತ್ತು ಕಾಲು ಸ್ವಾಧೀನ ಇರುತ್ತಿರಲಿಲ್ಲ. ಸೂಜಿ ಹಾಕದೆ ಟಿಬಿನಾ ಕ್ಯಾನ್ಸರಾ ಅಂತ ಹೇಗೆ ಗೊತ್ತಾಗುತ್ತೆ? ನನ್ನ ಅಮ್ಮ ಸೂಜಿಯಿಂದ ಹೋದರು ಅಂತೀರಾ? ಇನ್ನೊಂದು ಸಲ ಅದನ್ನು ಬರೆಯಬೇಡಿ.

ತೀರ್ಥಹಳ್ಳಿ ಅಡಿಕೆ:
ನಿಮ್ಮ ಅಮ್ಮನ ವಿಷಯ ನಾನು ಎತ್ತಲಿಲ್ಲ. ನನ್ನ ಅನುಭವ ಹೇಳಿದೆ. ಅನುಭವ ಹೇಳಿ ಅಂತಲೇ ತಾನೇ ಹುಡುಗ ಕೇಳಿದ್ದು?

ಅರಸೀಕೆರೆ ಅಕ್ಕ:
ನಮ್ಮ ಮನೆಯವರನ್ನು ನಿಮ್ಮ ಜಗಳಕ್ಕೆ ಎಳೆಯಬೇಡಿ. ಇನ್ನು ‘ಟಿಬಿ ಆಗಿದ್ದರೆ ಪುಣ್ಯ’ ಅಂದಿರಲ್ಲ, ಆ ಒಂದು ವರ್ಷ ನಮ್ಮ ಲೋಟ ಬೇರೆ ಇಟ್ಟಿದ್ದರು ಅತ್ತಿಗೆ. ಬೆನ್ನುಮೂಳೆಯದ್ದು, ಶ್ವಾಸಕೋಶದಲ್ಲಿಲ್ಲ, ಕೆಮ್ಮಿಲ್ಲ, ಅಂಟೋದಿಲ್ಲ ಅಂತ ಹೇಳಿ ಹೇಳಿ ಬಾಯಿ ನೋವು ಬಂತು. ಬರಲಿ ಪುಣ್ಯ, ನೀವೇ ತಗೊಳ್ಳಿ.

ಮೈಸೂರು ಮಗ:
ಕ್ಷಮಿಸಿ ಅಕ್ಕ. ಹಾಗೆ ಬರೆಯಬಾರದಿತ್ತು.

ರಿಟೈರ್ಡ್ ಮೇಷ್ಟ್ರು:
ಎಲ್ಲರೂ ಹೊಟ್ಟೆಯನ್ನೇ ಹಿಡಿದುಕೊಂಡಿದ್ದೀರಿ. ನನ್ನದು ರೋಗಿಯ ಕಡೆಯಿಂದ ಕೇಳಿ, ಬಂಧುಗಳ ಕಡೆಯಿಂದ ಅಲ್ಲ. ನನಗೆ 66. ಪಕ್ಕೆಲುಬು, ಬೆನ್ನು ನೋವು. ಕೆಮ್ಮಿದರೆ ಚೂರಿ ಹಾಕಿದ ಹಾಗೆ. 11 ಕೆ.ಜಿ. ಇಳಿದೆ. ಸೊಸೈಟಿಯ ತಕ್ಕಡಿ ಕೆಟ್ಟಿದೆ ಅಂದುಕೊಂಡು ಕಾರ್ಯದರ್ಶಿಯ ಜೊತೆ ಜಗಳ ಆಡಿದ್ದೆ! ವಯಸ್ಸಿನ ನೋವು ಅಂತ ಐದು ತಿಂಗಳು ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ನುಂಗಿದೆ. ಸ್ಟ್ರಿಪ್ಪಿಗೆ ಎಷ್ಟು ಅಂತಲೂ ಬಾಯಿಪಾಠ. ಹಿಮೋಗ್ಲೋಬಿನ್ 7.8 ಬಂತು, ಕಬ್ಬಿಣದ ಟಾನಿಕ್ ಕೊಟ್ಟರು. ಕ್ರಿಯಾಟಿನಿನ್ 4.1 ಬಂದಾಗ ಕಿಡ್ನಿ ಡಾಕ್ಟರ ಹತ್ತಿರ ಕಳಿಸಿದರು. ಆ ಪುಣ್ಯಾತ್ಮ ಇಎಸ್‌ಆರ್ 128 ನೋಡಿದವರೇ ಸೀರಂ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಬರೆದರು. ರಕ್ತದ ಪ್ರೋಟೀನ್ ನೋಡುವ 900 ರೂಪಾಯಿಯ ಟೆಸ್ಟು. ಅದಕ್ಕೂ ಮುಂಚೆ 31,000 ಬೇರೆ ಬೇರೆ ಟೆಸ್ಟಿಗೆ ಹೋಗಿತ್ತು. ಮಲ್ಟಿಪಲ್ ಮೈಲೋಮಾ, ಮೂಳೆಮಜ್ಜೆಯ ಕ್ಯಾನ್ಸರ್. ಕಿಡ್ನಿಗೆ ಅರ್ಧ ಪೆಟ್ಟು ಕಾಯಿಲೆಯದ್ದು, ಇನ್ನರ್ಧ ನಾನೇ ನುಂಗಿದ ಮಾತ್ರೆಯದ್ದು.

ಬೋರ್ಟಿಜೊಮಿಬ್ ಇಂಜೆಕ್ಷನ್ ಹೊಟ್ಟೆಯ ಚರ್ಮಕ್ಕೆ. ಲೆನಾಲಿಡೊಮೈಡ್ 21 ದಿನ ತಗೊಂಡು 7 ದಿನ ಬಿಡುವು. ಡೆಕ್ಸಾ ಅನ್ನೋ ಸ್ಟೀರಾಯ್ಡ್ ತಗೊಂಡ ರಾತ್ರಿ ನಿದ್ದೆ ಬಾರದೆ ಹಳೇ ಹಾಜರಿ ಪುಸ್ತಕ ತೆಗೆದು ಹುಡುಗರ ಹೆಸರು ಓದುತ್ತಿದ್ದೆ. ಬೆರಳು ಜೋಮು ಹಿಡಿದು ಅಂಗಿಯ ಗುಂಡಿ ಹಾಕಲಾರೆ. ಅದಕ್ಕೇ ಜುಬ್ಬ. ಇದು ಮೂರನೇ ವರ್ಷ. 58 ಕೆ.ಜಿ. ಇದ್ದೇನೆ. ಅಪ್ಪನ ಪೇನ್ ಕಿಲ್ಲರ್ ಡಬ್ಬಿ ಎಲ್ಲಿದೆ ನೋಡಪ್ಪ ಮೊದಲು.

ಜಯನಗರ ಟ್ಯಾಕ್ಸ್:
ಬಿಪಿಎಲ್ ಕಾರ್ಡ್ ಇದೆ ಅಂದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಸ್ಕೀಮ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್‌ನವರಿಗೆ ಪ್ಯಾಕೇಜಿನ 30 ಪರ್ಸೆಂಟ್, ಅದೂ ವರ್ಷಕ್ಕೆ ಒಂದೂವರೆ ಲಕ್ಷಕ್ಕೆ ನಿಂತುಹೋಗುತ್ತೆ. ನನ್ನ ಮಾವನಿಗೆ ಅನ್ನನಾಳದ ಕ್ಯಾನ್ಸರ್ ಆದಾಗ 7 ಲಕ್ಷದ ಮೇಲೆ ಕೈಯಿಂದ ಹಾಕಿದೆ. ಪಕ್ಕದ ಬೆಡ್‌ನವರು ಕಾರಿನಲ್ಲಿ ಬಂದು ಬಿಪಿಎಲ್ ಕಾರ್ಡ್ ತೋರಿಸಿದರು. ಟ್ಯಾಕ್ಸ್ ಕಟ್ಟುವವನು ನಾನು. ಇದು ಯಾವ ನ್ಯಾಯ?

ಅರಸೀಕೆರೆ ಅಕ್ಕ:
ಬಾಡಿಗೆ ಕಾರಲ್ಲಿ ರೋಗಿಯನ್ನು ಕರೆತರಬಾರದಾ ಸ್ವಾಮಿ? ನಾವೂ ಓಮ್ನಿಯಲ್ಲೇ ಹೋಗಿದ್ದು. 2,800 ಕೊಟ್ಟು. ಬೆನ್ನುಮೂಳೆ ಕೊಳೆತವರನ್ನು ಬಸ್ಸಿನಲ್ಲಿ ನಿಲ್ಲಿಸಬೇಕಿತ್ತಾ?

ಜಯನಗರ ಟ್ಯಾಕ್ಸ್:
ಬಾಡಿಗೆಯಲ್ಲ, ಸ್ವಂತದ್ದು. ಹಳದಿ ಬೋರ್ಡಾ ಬಿಳಿ ಬೋರ್ಡಾ ಅಂತ ನನಗೆ ಗೊತ್ತಾಗುತ್ತೆ.

ಮೈಸೂರು ಮಗ:
ಕಾರಿನ ಬೋರ್ಡು ಬಿಡಿ. ತುರ್ತು ಕೇಸ್ ಬಿಟ್ಟರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಇಲ್ಲದೆ ಖಾಸಗಿಯಲ್ಲಿ ಸ್ಕೀಮ್ ನಡೆಯಲ್ಲ ಅಂತ ಹೇಳಿ ಹುಡುಗನಿಗೆ. ನಾವು ನೇರ ಹೋಗಿ ಅಡ್ಮಿಟ್ ಮಾಡಿ, ಆಮೇಲೆ ಪತ್ರಕ್ಕೆ ಓಡಾಡಿ, ಅಷ್ಟರಲ್ಲಿ ಬಿಲ್ ಆಗಿಹೋಗಿತ್ತು.

ಕಾರ್ಕಳದ ತಂಗಿ:
ಪ್ಯಾಂಕ್ರಿಯಾಸ್ ಅಂದ ತಕ್ಷಣ ಕ್ಯಾನ್ಸರ್ ಅನ್ನಬೇಡಿ. ನನ್ನ ಅಣ್ಣನಿಗೆ 31. ಇದೇ ನೋವು, ಇದೇ ಬಾಗಿ ಕೂರೋದು. 58ರಿಂದ 43 ಕೆ.ಜಿ. ಊಟ ಮಾಡಿದರೆ ನೋವು ಅಂತ ಊಟವನ್ನೇ ಬಿಟ್ಟ. ಮಲದ ಮೇಲೆ ಎಣ್ಣೆ ತೇಲುತ್ತಿತ್ತು. ಎರಡು ಸ್ಕ್ಯಾನಿಂಗ್ ನಾರ್ಮಲ್. ಸಿ.ಟಿ.ಯಲ್ಲಿ ಪ್ಯಾಂಕ್ರಿಯಾಸ್ ತುಂಬ ಕಲ್ಲು. ಊಟದ ಜೊತೆ ಎಂಜೈಮ್ ಕ್ಯಾಪ್ಸೂಲ್, ದಿನಕ್ಕೆ ಆರು. ತಿಂಗಳಿಗೆ 5,200 ಅದಕ್ಕೇ. ಇನ್ಸುಲಿನ್ ಬೇರೆ. ಎಲ್ಲಿ ಹೋದರೂ ಮೊದಲ ಪ್ರಶ್ನೆ, ‘ಕುಡಿತಾನಾ?’ ಜೀವನದಲ್ಲಿ ಒಂದು ಹನಿ ಮುಟ್ಟಿಲ್ಲ. ಫೈಲ್ ನೋಡಿ ಹುಡುಗಿ ಮನೆಯವರು ಸಂಬಂಧ ಬಿಟ್ಟರು.

ತೀರ್ಥಹಳ್ಳಿ ಅಡಿಕೆ:
ಕುಡಿಯದೆ ಅದು ಬರಲ್ಲಮ್ಮ. ಮನೆಯವರಿಗೆ ಎಲ್ಲ ಗೊತ್ತಿರುತ್ತಾ?

ಕಾರ್ಕಳದ ತಂಗಿ:
ನಾನು ಹುಟ್ಟಿದಾಗಿನಿಂದ ಒಂದೇ ಮನೆಯಲ್ಲಿ ಬದುಕಿದ್ದೇವೆ ಸಾರ್. ನಮ್ಮ ಕರಾವಳಿ, ಕೇರಳ ಕಡೆ ಕುಡಿಯದ ಚಿಕ್ಕ ವಯಸ್ಸಿನವರಿಗೂ ಇದು ಬರುತ್ತೆ ಅಂತ ಡಾಕ್ಟರೇ ಹೇಳಿದ್ದಾರೆ. ನಿಮ್ಮ ಚಿಕ್ಕಪ್ಪನದ್ದೂ ಇಂಥದ್ದೇ ಊತ ಇದ್ದು ತಾನಾಗಿ ಇಳಿದಿರಬಹುದು. ಚಕ್ಕೆಗೆ ಹೆಸರು ಬಂತು ಅಷ್ಟೇ.

ತೀರ್ಥಹಳ್ಳಿ ಅಡಿಕೆ:
ಎಲ್ಲರೂ ಸೇರಿ ಒಬ್ಬನ ಮೇಲೆ ಬೀಳುತ್ತಿದ್ದೀರಿ. ಬದುಕಿರುವ ಮನುಷ್ಯನ ಕಥೆ ಹೇಳಿದವನೇ ತಪ್ಪಿತಸ್ಥ.

ರಿಟೈರ್ಡ್ ಮೇಷ್ಟ್ರು:
ನಾನೂ ಬದುಕಿದ್ದೇನೆ ಮಾರಾಯರೇ. ನನ್ನನ್ನೂ ಲೆಕ್ಕಕ್ಕೆ ತಗೊಳ್ಳಿ.

ಜಯನಗರ ಟ್ಯಾಕ್ಸ್:
ಮೈಸೂರಿನವರೇ, ಮಾರ್ಫಿನ್ ಬಗ್ಗೆ ನೀವು ಬರೆದದ್ದನ್ನು ಎರಡು ಸಲ ಓದಿದೆ. ಮಾವನನ್ನು ಕೊನೆಗೆ ಮಾರತಹಳ್ಳಿ ಹತ್ತಿರದ ಕರುಣಾಶ್ರಯಕ್ಕೆ, ಕೊನೆ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವ ಜಾಗಕ್ಕೆ, ಸೇರಿಸಿದೆವು. 19 ದಿನ ಇದ್ದರು. ಒಂದು ರೂಪಾಯಿ ಕೇಳಲಿಲ್ಲ. ಕಾರ್ಡು ಯಾವ ಬಣ್ಣ ಅಂತಲೂ ಕೇಳಲಿಲ್ಲ. ಮೂರನೇ ದಿನ ಮಾವ ರೇಡಿಯೋ ಕೇಳಬೇಕು ಅಂದರು. ಅಷ್ಟು ತಿಂಗಳಲ್ಲಿ ನೋವು ಬಿಟ್ಟು ಬೇರೆ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಲ್ಲಿಗೆ ಕರೆದೊಯ್ಯೋಣ ಅಂತ ನನ್ನ ಹೆಂಡತಿ ಎರಡು ತಿಂಗಳ ಮೊದಲೇ ಹೇಳಿದ್ದಳು. ಅದು ಸಾಯೋಕೆ ಹೋಗೋ ಜಾಗ ಅಂತ ನಾನೇ ಬೇಡ ಅಂದಿದ್ದೆ.

ಮೈಸೂರು ಮಗ:
ಎರಡು ತಿಂಗಳು, ಐದು ತಿಂಗಳು. ನಾವಿಬ್ಬರೂ ಒಂದೇ.

ಹಿರೇಕೆರೂರು ಹುಡುಗ:
ಎಲ್ಲರಿಗೂ ಥ್ಯಾಂಕ್ಸ್. ಸಿ.ಟಿ. ಎಲ್ಲಿ ಮಾಡಿಸೋದು ಅಂತ ಕೇಳಿದ್ದೆ, ಅದನ್ನು ಯಾರೂ ಹೇಳಲಿಲ್ಲ :) ಪರವಾಗಿಲ್ಲ. ನಾಳೆ ಹಾವೇರಿ ಜಿಲ್ಲಾ ಆಸ್ಪತ್ರೆಗೆ ಹೋಗಿ ರೆಫರಲ್ ಪತ್ರ ತಗೊಂಡು ಹುಬ್ಬಳ್ಳಿಗೆ ಹೋಗುತ್ತೇವೆ. ಅಪ್ಪನ ಹಾಸಿಗೆ ಕೆಳಗೆ ಪೇನ್ ಕಿಲ್ಲರ್ ಸ್ಟ್ರಿಪ್ ನಾಲ್ಕು ಸಿಕ್ಕವು ಮೇಷ್ಟ್ರೇ. ನಮಗೆ ಗೊತ್ತೇ ಇರಲಿಲ್ಲ. ಕಣ್ಣು ಹಳದಿ ಇದೆಯಾ ಅಂತ ಈಗ ಟಾರ್ಚ್ ಹಾಕಿ ನೋಡಿದೆ. ಗೊತ್ತಾಗಲಿಲ್ಲ. ಮಲದ ಬಣ್ಣ ಕೇಳಿದೆ, ಅಪ್ಪ ಬೈದರು.

ಅರಸೀಕೆರೆ ಅಕ್ಕ:
ಟಾರ್ಚ್ ಬೆಳಕಲ್ಲಿ ಎಲ್ಲಿ ಗೊತ್ತಾಗುತ್ತೆ ತಮ್ಮಾ, ಬೆಳಿಗ್ಗೆ ಅಂಗಳಕ್ಕೆ ಕರೆದು ನೋಡು. ಬಣ್ಣದ ವಿಷಯ ಅಮ್ಮನ ಕೈಲಿ ಕೇಳಿಸು.

ಮೈಸೂರು ಮಗ:
ಕಾಂಟ್ರಾಸ್ಟ್ ಸಿ.ಟಿ., ಪ್ಯಾಂಕ್ರಿಯಾಸ್ ಪ್ರೋಟೋಕಾಲ್ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಅದಕ್ಕೂ ಮುಂಚೆ ಕ್ರಿಯಾಟಿನಿನ್ ನೋಡಬೇಕು. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ಇದ್ದರೆ ಸಿ.ಟಿ. ಮಾಡುವವರಿಗೆ ಹೇಳಿ. ಹಳೇ ಸ್ಕ್ಯಾನಿಂಗ್ ರಿಪೋರ್ಟ್ ಮರೆಯಬೇಡಿ. ಕಾರ್ಡು, ಆಧಾರ್ ಎರಡಕ್ಕೂ ನಾಲ್ಕು ನಾಲ್ಕು ಜೆರಾಕ್ಸ್. ಆಸ್ಪತ್ರೆ ಎದುರು ಜೆರಾಕ್ಸ್‌ಗೆ ಐದು ರೂಪಾಯಿ ತಗೋತಾರೆ.

ಜಯನಗರ ಟ್ಯಾಕ್ಸ್:
ನಮ್ಮಲ್ಲಿ ಹತ್ತು.