ಇಂಜಿನಿಯರ್ ಅವರನ್ನು ಕೇಳಿ: ನೀರಿನ ವರದಿ ಯಾರಿಗೆ, ಎಷ್ಟು ಬೇಗ?

ಪಂಪ್‌ಹೌಸ್ ಆಪರೇಟರ್: ಸರ್, ಸ್ಯಾಂಪಲ್‌ನಲ್ಲಿ ಇ-ಕೋಲೈ (ಮಲದಿಂದ ನೀರಿಗೆ ಸೇರೋ ಬ್ಯಾಕ್ಟೀರಿಯಾ) ಬಂದಿದೆ ಅಂತ ಲ್ಯಾಬ್‌ನವರು ಫೋನ್ ಮಾಡಿದ್ರು. ಮೇಲಿನವರು "ಇನ್ನೊಂದ್ಸಲ ಟೆಸ್ಟ್ ಮಾಡಿಸು, ಆಮೇಲೆ ಆರೋಗ್ಯ ಇಲಾಖೆಗೆ ತಿಳಿಸೋಣ" ಅಂತಾರೆ. ಏನು ಮಾಡ್ಲಿ?

ಇಂಜಿನಿಯರ್: ಕಾಯಬೇಡಿ. ಇ-ಕೋಲೈ 100 ಮಿಲಿಲೀಟರ್‌ನಲ್ಲಿ ಒಂದೂ ಇರಬಾರದು. ಕಲ್ಚರ್‌ಗೇ, ಅಂದರೆ ಲ್ಯಾಬ್‌ನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡೋದಕ್ಕೇ, ಸುಮಾರು ಒಂದು ದಿನ ಹಿಡಿಯುತ್ತೆ. ಫಲಿತಾಂಶ ಬರೋ ಹೊತ್ತಿಗೆ ಜನ ಆ ನೀರು ಕುಡಿದಾಗಿದೆ. ಈಗಲೇ ಆರೋಗ್ಯ ಇಲಾಖೆಗೆ ಫೋನ್ ಮಾಡಿ, ಹಿಂದೆಯೇ ಪತ್ರ ಕಳಿಸಿ. ಕುದಿಸಿ ಕುಡಿಯಿರಿ ಅಂತ ಜನಕ್ಕೆ ಸಾರಿಸಿ: ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ. ಮರು ಸ್ಯಾಂಪಲ್ ಬೇಕೇ ಬೇಕು, ಅದೇ ನಲ್ಲಿ, ಅದರ ಹಿಂದಿನದು, ಮುಂದಿನದು. ಆದರೆ ಅದು ವರದಿಯ ಜೊತೆಗೆ, ವರದಿಯ ಬದಲಿಗಲ್ಲ.

ಕೆನಡಾದ ವಾಕರ್ಟನ್‌ನಲ್ಲಿ 2000ದ ಮೇ ತಿಂಗಳು ಆಗಿದ್ದೂ ಇದೇ. ಜೋರು ಮಳೆಗೆ ಸಗಣಿಗೊಬ್ಬರ ಬಾವಿಗೆ ಇಳಿಯಿತು. ಲ್ಯಾಬ್ ಫಲಿತಾಂಶ ನೀರು ಸರಬರಾಜು ಸಂಸ್ಥೆಗೆ ಮಾತ್ರ ಹೋಯಿತು, ಅವರು ಮುಚ್ಚಿಟ್ಟರು. ಸರ್ಕಾರಕ್ಕೆ ನೇರವಾಗಿ ತಿಳಿಸಬೇಕೆಂಬ ಕಾನೂನು ಲ್ಯಾಬ್‌ಗೆ ಇರಲಿಲ್ಲ. 7 ಜನ ಸತ್ತರು, 2,000ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು.

ಆಪರೇಟರ್, ನೀವು ದಿನಾ ಕ್ಲೋರಿನ್ ಅಳೆದು ಬರೆಯೋ ರಿಜಿಸ್ಟರ್ ಫೋಟೋ ಹಾಕಿ.

ನಲ್ಲಿ ಬಳಕೆದಾರ: ಟಿಡಿಎಸ್ (ನೀರಲ್ಲಿ ಕರಗಿರೋ ಲವಣಾಂಶ) 300 ಇದೆ ಸರ್, ಕುಡಿಯಬಹುದಾ?

ಇಂಜಿನಿಯರ್: ಟಿಡಿಎಸ್ ಮೀಟರ್‌ಗೆ ಬ್ಯಾಕ್ಟೀರಿಯಾ ಕಾಣಲ್ಲ.



ಮಾಜಿ ಮೀಟರ್ ರೀಡರ್: ಫಾರ್ವರ್ಡ್ ಬಂದಿದೆ: "ತಪಾಸಣೆ ದಿನ ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಸುರಿದರೆ ರಿಪೋರ್ಟ್ ಕ್ಲೀನ್." ನಿಜವಾ?

ಇಂಜಿನಿಯರ್: ಇಂಥದ್ದನ್ನು ಇಲ್ಲಿ ಹಾಕಬೇಡಿ. ಒಂದು ದಿನದ ಕಾಗದ ಕ್ಲೀನ್ ಆಗುತ್ತೆ, ಒಡೆದ ಪೈಪ್ ಹಾಗೇ ಇರುತ್ತೆ. ಯಾರ ಮನೆಯ ಮಗುವೋ ಆಸ್ಪತ್ರೆ ಸೇರುತ್ತೆ.

ಯೂನಿಯನ್ ಅಣ್ಣ: ವಾಕರ್ಟನ್‌ನಲ್ಲಿ ಟೆಸ್ಟಿಂಗನ್ನು ಖಾಸಗಿ ಲ್ಯಾಬ್‌ಗೆ ಬಿಟ್ಟಿದ್ದೇ ತಪ್ಪು.

ಕಾಂಟ್ರಾಕ್ಟರ್: ರಿಜಿಸ್ಟರ್‌ನಲ್ಲಿ ಸುಳ್ಳು ಬರೆದವರು ಯಾರು ಸ್ವಾಮಿ? ಸಾರ್ವಜನಿಕ ಸಂಸ್ಥೆಯವರೇ ತಾನೆ?

ಯೂನಿಯನ್ ಅಣ್ಣ: ನಿಮ್ಮ ಬಿಲ್ ಪಾಸಾದರೆ ಸಾಕು ನಿಮಗೆ.

ಕಾಂಟ್ರಾಕ್ಟರ್: ಮಾತು ನೆಟ್ಟಗಿರಲಿ.

ಇಂಜಿನಿಯರ್: ಎರಡೂ ನಿಜ. ಇಲ್ಲಿಗೆ ನಿಲ್ಲಿಸಿ.

ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಸೂಪರ್‌ವೈಸರ್: ಕೊಳಚೆ ನೀರಿನ ಬಿಒಡಿ (ಕೊಳೆ ತಿನ್ನೋ ಸೂಕ್ಷ್ಮಜೀವಿಗಳು ಬಳಸೋ ಆಮ್ಲಜನಕ) ವರದಿ ಮರುದಿನವೇ ಕೊಡ್ತೀವಿ ಅಂತಾರೆ ಒಂದು ಲ್ಯಾಬ್‌ನವರು. ಒಪ್ಪಲಾ?

ಇಂಜಿನಿಯರ್: ಬೇಡ. 20 ಡಿಗ್ರಿಯಲ್ಲಿ 5 ದಿನ, 27 ಡಿಗ್ರಿಯಲ್ಲಾದರೆ 3 ದಿನ ಇಡಲೇಬೇಕು.

ನಲ್ಲಿ ಬಳಕೆದಾರ: ಟಿಡಿಎಸ್ ಬಗ್ಗೆ ಸರಿಯಾಗಿ ಹೇಳಿ ಸರ್.

ಇಂಜಿನಿಯರ್: ಮೇಲೆ ಓದಿ.

ಪಂಪ್‌ಹೌಸ್ ಆಪರೇಟರ್: ಫೋಟೋ ಹಾಕಿದ್ದೀನಿ.

ಇಂಜಿನಿಯರ್: ತಿಂಗಳಿಡೀ ಕ್ಲೋರಿನ್ ಲೀಟರ್‌ಗೆ 0.5 ಮಿಲಿಗ್ರಾಂ, ಒಂದೇ ಪೆನ್ನು, ಒಂದೇ ಓರೆ. 14ನೇ ತಾರೀಖು ಕರೆಂಟ್ ಇಲ್ಲ, ಪಂಪ್ 0 ಗಂಟೆ ಅಂತ ಪಕ್ಕದ ಕಾಲಂ ಹೇಳುತ್ತೆ. ಅವತ್ತೂ 0.5! ವಾಕರ್ಟನ್ ರಿಜಿಸ್ಟರ್‌ನಲ್ಲೂ ದಿನಾ 0.5, 0.75 ಅಂತಲೇ ಬರೆದಿದ್ದರು. ಇದನ್ನು ತಿದ್ದಬೇಡಿ, ಒಂದು ಪುಟವನ್ನೂ ಹರಿಯಬೇಡಿ. ಕ್ಲೋರಿನ್ ಕಿಟ್ ತಗೊಂಡು ಕೊನೆಯ ನಲ್ಲಿಗೆ ಹೋಗಿ ಅಳೆಯಿರಿ. 0.2ಕ್ಕಿಂತ ಕಡಿಮೆ ಬಂದರೆ ಅದನ್ನೇ ಬರೆಯಿರಿ, ಕೆಳಗೆ ಹೊತ್ತು ಹಾಕಿ.

ಕಾಂಟ್ರಾಕ್ಟರ್: ಪಾಪ, ಅವನ ಕೆಲಸ ಹೋಗುತ್ತೆ.

ಇಂಜಿನಿಯರ್: ನೀವು ಸುಮ್ಮನಿರಿ.

ಪಂಪ್‌ಹೌಸ್ ಆಪರೇಟರ್: ಕೊನೆಯ ನಲ್ಲೀಲಿ ಕ್ಲೋರಿನ್ ಸೊನ್ನೆ ಸರ್. ಆರೋಗ್ಯ ಇಲಾಖೆಗೆ ಫೋನ್ ಮಾಡ್ದೆ, ಮೇಲಿನವರು ಬೈದ್ರು.

ಇಂಜಿನಿಯರ್: ಸೊನ್ನೆ ಅಂತಲೇ ಬರೆಯಿರಿ. ಯಾವ ಹೊತ್ತಿಗೆ ಫೋನ್ ಮಾಡಿದಿರಿ, ಯಾವ ಹುದ್ದೆಯವರು ಎತ್ತಿದರು, ಅದೂ ದಾಖಲಾಗಲಿ. ಪತ್ರ ಸಂಜೆಯೊಳಗೆ ಹೋಗಬೇಕು. ಡೋಸಿಂಗ್ ಪಂಪ್ (ನೀರಿಗೆ ಕ್ಲೋರಿನ್ ಬೆರೆಸೋ ಪಂಪ್) ಓಡ್ತಿದೆಯಾ? ಈಗಲೇ ನೋಡಿ ಹೇಳಿ.