ಕಣ್ಣು ಚೆನ್ನಾಗೇ ಕಾಣುತ್ತಿದೆ, ಆದರೂ ಡಾಕ್ಟರಿಗೆ ತೋರಿಸಬೇಕಾ? ಅನುಭವ ಹೇಳಿ

ವಿಜಯನಗರದವ: ನನಗೆ 43. ಚಾಳೀಸು ಬಂತು, ಅಂಗಡಿಯಲ್ಲೇ ಕಂಪ್ಯೂಟರ್ ಚೆಕ್ ಮಾಡಿಸಿ ಕನ್ನಡಕ ತಗೊಂಡೆ. ಶುಗರ್ ಇಲ್ಲ. ಅಪ್ಪನಿಗೆ ಗ್ಲಾಕೋಮಾ ಇತ್ತು, ಸಾಮಾನ್ಯವಾಗಿ ಕಣ್ಣಿನ ಪ್ರೆಶರ್ ಏರಿ ನರ ಹಾಳಾಗುವ ಕಾಯಿಲೆ. ಡಾಕ್ಟರಿಗೂ ತೋರಿಸಿ ಅಂತ ಮನೆಯವಳ ಒತ್ತಾಯ. ಸುಮ್ನೆ ದುಡ್ಡು ದಂಡ ಅಲ್ವಾ?

ಗಾಂಧಿಬಜಾರ್ ಹಳಬ: ಹತ್ತು ವರ್ಷ ಅಂಗಡಿಯನ್ನೇ ನಂಬಿದ್ದವನು ನಾನು. ನಂಬರ್ ಸರಿಯಾಗೇ ಕೊಟ್ಟಿದ್ದರು, ಸುಳ್ಳು ಹೇಳಬಾರದು. ಒಂದು ದಿನ ಬಲಗಣ್ಣಿಗೆ ಧೂಳು ಬಿತ್ತು. ಉಜ್ಜಿಕೊಳ್ಳುತ್ತಾ ಎಡಗಣ್ಣಲ್ಲಿ ಗೋಡೆ ಕ್ಯಾಲೆಂಡರ್ ನೋಡಿದೆ. ಮೇಲಿನ ಎರಡು ವಾರ ಇಲ್ಲವೇ ಇಲ್ಲ! ಕಪ್ಪಗೂ ಕಾಣಲಿಲ್ಲ, ಬರೀ ಗೋಡೆ ಬಣ್ಣ. ಡಾಕ್ಟರ ಹತ್ತಿರ ಓಡಿದೆ. ಗ್ಲಾಕೋಮಾ, ಕಣ್ಣಿನ ಪ್ರೆಶರ್ 31. ಸಾಮಾನ್ಯವಾಗಿ 21ರ ಒಳಗಿರುತ್ತದೆ. ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟಿಗೆ ಗಲ್ಲ ಊರಿ ಕೂತೆ. ಮಿಷನ್ ಚುಕ್ಕಿ ಬಿಡುತ್ತಲೇ ಇದೆ, ನನ್ನ ಬೆರಳು ಗುಂಡಿ ಒತ್ತುವುದೇ ಇಲ್ಲ. ಖರ್ಚು ಬರೆದಿಟ್ಟಿದ್ದೇನೆ: ಫೀಸು 800, ಫೀಲ್ಡ್ 1,500, ಓಸಿಟಿ (ಕಣ್ಣಿನ ನರದ ಸ್ಕ್ಯಾನ್) 2,200, ಆಟೋ 310. ಡ್ರಾಪ್ಸ್ ತಿಂಗಳಿಗೆ 480, ಬದುಕಿರುವವರೆಗೂ. ಬಾಟಲಿ ತೆರೆದ ನಾಲ್ಕು ವಾರಕ್ಕೆ ಎಸೆಯಬೇಕು, ಅರ್ಧ ಉಳಿದಿದ್ದರೂ. ಹೋದ ನೋಟ ಹೋಯಿತು. ಇದ್ದದ್ದು ಉಳಿಯಲಿ ಅಂತ ಇಷ್ಟೆಲ್ಲ.

ಜೆಪಿ ನಗರ ಸ್ಕೂಟರ್: ಹೆದರಿಸಬೇಡಿ ಸಾರ್. ನಾನೂ ಹೋಗಿದ್ದೆ. ಪಾಪೆ ಅಗಲ ಮಾಡುವ ಡ್ರಾಪ್ಸ್ ಹಾಕಿದರು. ಗಾಡಿ ಓಡಿಸಬೇಡಿ ಅಂತ ಹಾಕಿದ ಮೇಲೆ ಹೇಳಿದರು! ಮಟಮಟ ಮಧ್ಯಾಹ್ನ, ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಓಟಿಪಿ ಓದಲಾಗದೆ ಆಟೋದವನ ಕೈಗೇ ಫೋನ್ ಕೊಟ್ಟೆ. ರಾತ್ರಿ ತಮ್ಮನ ಜೊತೆ ಹೋಗಿ ಸ್ಕೂಟರ್ ತಂದೆ, ಪಾರ್ಕಿಂಗ್ 90. ರಿಪೋರ್ಟ್? ಎಲ್ಲ ನಾರ್ಮಲ್. ಮೇಲೆ ದೂರಕ್ಕೂ ಓದಲಿಕ್ಕೂ ಒಂದೇ ಅಂತ 18,500ರ ಪ್ರೋಗ್ರೆಸಿವ್ ಲೆನ್ಸ್ ಅಂಟಿಸಿದರು. ಮೆಟ್ಟಿಲಿಳಿದರೆ ತಲೆ ಗಿರ್ರನೆ ಸುತ್ತುತ್ತದೆ.

ಗಾಂಧಿಬಜಾರ್ ಹಳಬ: ನಾರ್ಮಲ್ ಬಂತು ಅಂತ ಅಳುವವರನ್ನು ಇವತ್ತೇ ನೋಡಿದ್ದು.

ಚಾಮರಾಜಪೇಟೆ ಅಕ್ಕ: ಇಬ್ಬರೂ ಖಾಸಗಿಗೇ ಓಡಿದ್ದೀರಿ. ಮಾರ್ಕೆಟ್ ಹತ್ತಿರ ಮಿಂಟೋ ಕಣ್ಣಾಸ್ಪತ್ರೆ 1913ರಿಂದ ನಿಂತಿದೆ, ಅದು ಕಾಣಲಿಲ್ವಾ? ನಮ್ಮಮ್ಮನಿಗೆ 14 ವರ್ಷದಿಂದ ಶುಗರ್. ಸೂಜಿಗೆ ದಾರ ತಾವೇ ಪೋಣಿಸುತ್ತಿದ್ದರು, ಅದಕ್ಕೇ ತೋರಿಸಿರಲಿಲ್ಲ. ನೋಡಿದರೆ ರೆಟಿನಾದಲ್ಲಿ, ಅಂದರೆ ಕಣ್ಣಿನ ಒಳಪರದೆಯಲ್ಲಿ, ರಕ್ತ ಸೋರಿತ್ತು. ಲೇಸರ್ ಆಯಿತು. ಶುಗರ್ ಇದ್ದವರು ವರ್ಷಕ್ಕೊಮ್ಮೆ ತೋರಿಸಲೇಬೇಕಂತೆ. ಬೆಳಿಗ್ಗೆ ಎಂಟಕ್ಕೇ ಕ್ಯೂ ನಿಂತೆ, ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು.

ಜೆಪಿ ನಗರ ಸ್ಕೂಟರ್: ಅರ್ಧ ದಿನ ಕ್ಯೂ ನಿಂತರೆ ನನ್ನ ಸಂಬಳ ನೀವು ಕೊಡುತ್ತೀರಾ ಅಕ್ಕಾ?

ಚಾಮರಾಜಪೇಟೆ ಅಕ್ಕ: 18,500 ಕೊಟ್ಟು ಮೆಟ್ಟಿಲ ಮೇಲೆ ತೂರಾಡುವವರಿಗೆ ಸಂಬಳದ ಚಿಂತೆ!

ಯಶವಂತಪುರ ಕನ್ನಡಕದಂಗಡಿ: ಸ್ವಾಮಿ, ಲೆನ್ಸಿನ ತಪ್ಪಲ್ಲ. ಅದರ ಕೆಳಗಡೆ ಇರುವುದು ಓದುವ ಪವರ್. ಗಲ್ಲ ತಗ್ಗಿಸಿ ಮೆಟ್ಟಿಲು ನೋಡಿ. ಇನ್ನು ಕೇಳಿದವರಿಗೆ, ನಮ್ಮ ಮಿಷನ್ ನಂಬರ್ ಅಷ್ಟೇ ಹೇಳುತ್ತದೆ. ಅಪ್ಪನಿಗೆ ಗ್ಲಾಕೋಮಾ ಇತ್ತು ಅಂತ ನೀವೇ ಬರೆದಿದ್ದೀರಿ, ಅದು ಮಕ್ಕಳಿಗೂ ಬರಬಹುದು, ಇಲ್ಲಿ ಒಬ್ಬರೂ ಓದಿಲ್ಲ!

ಜೆಪಿ ನಗರ ಸ್ಕೂಟರ್: ನಿಮ್ಮಂಥವರೇ ನನಗೆ ಅಂಟಿಸಿದ್ದು. ಗಲ್ಲ ತಗ್ಗಿಸಿದರೆ ಕನ್ನಡಕ ಜಾರುತ್ತದೆ. ಅದಕ್ಕೆ ಮೂಗಿನ ಪ್ಯಾಡ್ ಅಂತ 150 ಬೇರೆ.

ವಿಜಯನಗರದವ: ಶನಿವಾರ ಹೋಗುತ್ತೇನೆ. ಆ ಡ್ರಾಪ್ಸ್ ಹಾಕಿದರೆ ಎಷ್ಟು ಹೊತ್ತು ಗಾಡಿ ಓಡಿಸಬಾರದು?

ಗಾಂಧಿಬಜಾರ್ ಹಳಬ: ಮೂಗಿನ ಪ್ಯಾಡಿಗೆ 150ಆ? ನಮ್ಮ ಬೀದಿಯಲ್ಲಿ 30.