ಮುಚ್ಚಿದ್ದ ಸ್ಕೀ ರೆಸಾರ್ಟ್ ಹೊಸ ಮಾಲೀಕರ ಕೈಗೆ: ಲಿಫ್ಟ್ ಇಂಜಿನಿಯರ್ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಆರು ಚಳಿಗಾಲದಿಂದ ಬೀಗ ಬಿದ್ದಿದ್ದ ನಮ್ಮ ಗುಡ್ಡದ ಸ್ಕೀ ರೆಸಾರ್ಟ್ ಮಾರಾಟವಾಗಿದೆ. ಗೇಟಿನ ಹತ್ತಿರ "ಈ ಚಳಿಗಾಲಕ್ಕೆ ತೆರೆಯುತ್ತೇವೆ" ಅಂತ ಬೋರ್ಡ್ ಹಾಕಿದ್ದಾರೆ. ದಿನಾಂಕ ಇಲ್ಲ. ನಮ್ಮ ಗುಂಪಿನ ಸದಸ್ಯರೊಬ್ಬರು ಸ್ಕೀ ಲಿಫ್ಟ್‌ಗಳ, ಅಂದರೆ ಸ್ಕೀ ಮಾಡುವವರನ್ನು ಗುಡ್ಡದ ಮೇಲಕ್ಕೆ ಒಯ್ಯುವ ಯಂತ್ರಗಳ, ತಪಾಸಣೆ ಮಾಡುವ ಇಂಜಿನಿಯರ್. ಇವತ್ತು ಬಿಡುವು ಮಾಡಿಕೊಂಡು ಉತ್ತರ ಕೊಡ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಬೇಡ.

ಹಿಮದಾರಿ: ಸರ್, ನೇರವಾಗಿ ಕೇಳ್ತೀನಿ. ಈ ವರ್ಷ ತೆರೆಯುತ್ತಾ?

ಲಿಫ್ಟ್ ಇಂಜಿನಿಯರ್: ಬೋರ್ಡ್ ನೋಡಿ ಹೇಳೋಕೆ ಆಗಲ್ಲ. ಮೂರು ವಿಷಯ ವಿಚಾರಿಸಿ. ಲಿಫ್ಟ್‌ಗೆ ಲೋಡ್ ಟೆಸ್ಟ್, ಅಂದರೆ ಭಾರ ಹಾಕಿ ಬ್ರೇಕ್ ನೋಡುವ ಪರೀಕ್ಷೆ, ಆಗಿದೆಯಾ? ಈ ಸೀಸನ್‌ಗೆ ಲೈಸೆನ್ಸ್ ಬಂದಿದೆಯಾ? ವಿಮೆ ಕಂಪನಿ ಒಪ್ಪಿದೆಯಾ? ಮೂರಕ್ಕೂ ಹೌದು ಅಂದರೆ ತೆರೆಯುವ ಸಾಧ್ಯತೆ ಇದೆ. ಒಂದಕ್ಕೆ "ಆಗ್ತಾ ಇದೆ" ಅಂದರೂ ಈ ಚಳಿಗಾಲ ಅನುಮಾನವೇ.

ಗುಡ್ಡ ಯಾರದ್ದು ಅನ್ನೋದನ್ನೂ ಕೇಳಿ. ಅಮೆರಿಕದ ಪಶ್ಚಿಮ ಭಾಗದಲ್ಲಿ ಎಷ್ಟೋ ರೆಸಾರ್ಟ್‌ಗಳು ಸರ್ಕಾರದ ಅರಣ್ಯ ಇಲಾಖೆಯ ಜಾಗದಲ್ಲಿವೆ. ಅಲ್ಲಿ ಕೊಂಡವರಿಗೆ ಸಿಗುವುದು ಕಟ್ಟಡ, ಲಿಫ್ಟು, ಯಂತ್ರಗಳು ಮಾತ್ರ. ಗುಡ್ಡ ಬಳಸುವ ಪರವಾನಗಿ ಹಳೆಯ ಮಾಲೀಕರ ಜೊತೆಗೇ ಮುಗಿಯುತ್ತದೆ. ಹೊಸಬರು ಮತ್ತೆ ಅರ್ಜಿ ಹಾಕಬೇಕು.

ಪಾಸ್ ಹೋಲ್ಡರ್: ನನ್ನ ಹತ್ತಿರ ಹಳೆಯ ಕಂಪನಿಯ ಸೀಸನ್ ಪಾಸ್ ಇದೆ. ದುಡ್ಡು ಕಟ್ಟಿದ ವರ್ಷವೇ ಮುಚ್ಚಿಬಿಟ್ಟರು. ಹೊಸಬರು ಅದಕ್ಕೆ ಬೆಲೆ ಕೊಡ್ತಾರಾ?

ಲಿಫ್ಟ್ ಇಂಜಿನಿಯರ್: ಕೊಡಲೇಬೇಕು ಅಂತೇನಿಲ್ಲ. ಆಸ್ತಿ ಮಾತ್ರ ಕೊಂಡಿದ್ದರೆ ಹಳೆಯ ಸಾಲ ಸಾಮಾನ್ಯವಾಗಿ ಹಳೆಯ ಕಂಪನಿಗೇ ಉಳಿಯುತ್ತದೆ. ಗಿರಾಕಿಗಳನ್ನು ವಾಪಸ್ ತರಲು ಕೆಲವರು ರಿಯಾಯಿತಿ ಕೊಡ್ತಾರೆ, ಅದು ಅವರ ಮರ್ಜಿ. ಹೊಸ ಪಾಸ್‌ಗೆ ಈಗಲೇ ದುಡ್ಡು ಕಟ್ಟೋದಾದರೆ, ಯಾವ ತಾರೀಖಿನೊಳಗೆ ತೆರೆಯದಿದ್ದರೆ ಹಣ ವಾಪಸ್ ಅನ್ನೋದು ಬರವಣಿಗೆಯಲ್ಲಿ ಇರಲಿ. ಇಲ್ಲದಿದ್ದರೆ ಕಟ್ಟಬೇಡಿ.

ಮನೆ ಹುಡುಕ್ತಿದೀನಿ: ಸರ್, ಗುಡ್ಡದ ಬುಡದಲ್ಲಿ ಒಂದು ಮನೆ ಮಾರಾಟಕ್ಕಿದೆ. ರೆಸಾರ್ಟ್ ತೆರೆದರೆ ಬೆಲೆ ಏರುತ್ತೆ ಅಂತಾರೆ. ಈಗಲೇ ಕೊಳ್ಳಲಾ?

ತಮ್ಮನ ಅಕ್ಕ: ಸರ್, ನನ್ನ ತಮ್ಮ ಅಲ್ಲೇ ಲಿಫ್ಟ್ ಮೆಕ್ಯಾನಿಕ್ ಆಗಿ ಸೇರಿದಾನೆ. ಎರಡು ಸೀಟಿನ ಹಳೆಯ ಚೇರ್‌ಲಿಫ್ಟ್, ಉಕ್ಕಿನ ಹಗ್ಗಕ್ಕೆ ಕುರ್ಚಿ ತೂಗುಹಾಕಿ ಜನರನ್ನ ಮೇಲೆ ಕಳಿಸೋದು. ಕುರ್ಚಿಗಳನ್ನು ಬಿಚ್ಚಿ ಶೆಡ್‌ನಲ್ಲಿ ಇಟ್ಟಿದ್ದರಂತೆ, ಈಗ ಒಂದೊಂದಾಗಿ ಹಾಕ್ತಿದಾರೆ. ಮೋಟಾರ್ ಚೆನ್ನಾಗಿ ಓಡುತ್ತಂತೆ. ಆದರೆ ನಿಲ್ಲಿಸಿದ ಮೇಲೆ ಹಗ್ಗ ಸ್ವಲ್ಪ ಹಿಂದಕ್ಕೆ ಜಾರುತ್ತೆ ಅಂದ. ಮುಂದಿನ ವಾರ ಸಾಲ ಕೊಡೋ ಬ್ಯಾಂಕಿನವರು ಬರ್ತಾರಂತೆ. ಅವರನ್ನ ಕೂರಿಸಿ ಮೇಲೆ ಕಳಿಸು ಅಂತ ಮಾಲೀಕರು ಹೇಳಿದಾರೆ. ಇದು ಮಾಮೂಲಿನಾ?

ಲಿಫ್ಟ್ ಇಂಜಿನಿಯರ್: ಮೇಡಂ, ಮೊದಲು ಎರಡು ವಿಷಯ ತಿಳಿಸಿ. ಎಷ್ಟು ದೂರ ಜಾರುತ್ತೆ? ಕುರ್ಚಿಗಳು ಈಗ ಯಾವ ಬದಿಯಲ್ಲಿವೆ, ಏರುವ ಬದಿಯಲ್ಲಾ, ಇಳಿಯುವ ಬದಿಯಲ್ಲಾ, ಎರಡೂ ಕಡೆನಾ? ತಮ್ಮನಿಗೆ ಈಗಲೇ ಫೋನ್ ಮಾಡಿ.

ಹಳೇ ಸ್ಕೀಯರ್: ಇದು ಉಪಯೋಗಕ್ಕೆ ಬರಬಹುದು. ಫಾರ್ವರ್ಡ್ ಆಗಿ ಬಂದದ್ದು: "ತುಕ್ಕು ಹಿಡಿದ ಲಿಫ್ಟ್ ಹಗ್ಗಕ್ಕೆ ಡೀಸೆಲ್ ಸವರಿ ಒಂದು ರಾತ್ರಿ ಬಿಟ್ಟರೆ ಹೊಸದರಂತೆ ಆಗುತ್ತದೆ."

ಲಿಫ್ಟ್ ಇಂಜಿನಿಯರ್: ದಯವಿಟ್ಟು ಇದನ್ನು ಅಳಿಸಿ. ಉಕ್ಕಿನ ಹಗ್ಗದ ಒಳಗೆ ತಂತಿಗಳು ಒಂದಕ್ಕೊಂದು ಉಜ್ಜದಂತೆ ಗ್ರೀಸ್ ಇರುತ್ತದೆ. ಡೀಸೆಲ್ ಅದನ್ನು ತೊಳೆದು ಹಾಕುತ್ತದೆ. ಹೊರಗೆ ಹೊಳೆಯುತ್ತದೆ, ಒಳಗೆ ಸವೆಯುತ್ತದೆ. ಒಳಗಿನ ತಂತಿ ತುಂಡಾಗಿದ್ದರೆ ಕಣ್ಣಿಗೆ ಕಾಣಲ್ಲ. ಅದಕ್ಕೇ ಹಗ್ಗವನ್ನು ಆಯಸ್ಕಾಂತದ ಯಂತ್ರದ ಮೂಲಕ ಹಾಯಿಸಿ ಪೂರ್ತಿ ಉದ್ದ ಪರೀಕ್ಷೆ ಮಾಡ್ತೀವಿ. ವರ್ಷಗಟ್ಟಲೆ ಒಂದೇ ಕಡೆ ನಿಂತ ಹಗ್ಗದಲ್ಲಿ ಕುರ್ಚಿ ಹಿಡಿದಿದ್ದ ಜಾಗ, ಗಾಲಿಗಳ ಮೇಲೆ ಕೂತಿದ್ದ ಜಾಗ ಮೊದಲು ಕೆಡುತ್ತವೆ. ಆ ಪರೀಕ್ಷೆಯ ವರದಿ ಇಲ್ಲದೆ ಆ ಹಗ್ಗಕ್ಕೆ ಯಾರೂ ತೂಗಬಾರದು.

ಗುಡ್ಡಪ್ರಿಯ: ಎಲ್ಲರೂ ಬರೀ ಭಯ ಹುಟ್ಟಿಸ್ತಾ ಇದೀರಿ. ಊರು ಪಾಳು ಬಿದ್ದಿತ್ತು. ಒಬ್ಬರು ದುಡ್ಡು ಹಾಕೋಕೆ ಬಂದಿದಾರೆ. ಸ್ವಾಗತಿಸೋದು ಬಿಟ್ಟು ತಪ್ಪು ಹುಡುಕೋದಾ?

ಲೆಕ್ಕಪತ್ರ: ದುಡ್ಡು ಹಾಕಿದಾರೆ ಅಂತ ನಿಮಗೆ ಯಾರು ಹೇಳಿದ್ದು? ಹಾಕಿದ್ದರೆ ಬ್ಯಾಂಕಿನವರನ್ನ ಲಿಫ್ಟ್‌ನಲ್ಲಿ ಕೂರಿಸಿ ಮೆಚ್ಚಿಸೋ ಅಗತ್ಯ ಏನಿತ್ತು? ಇವರ ಕಣ್ಣು ಬುಡದ ಜಾಗದ ಮೇಲೆ. ಸೈಟ್ ಮಾಡಿ ಮಾರ್ತಾರೆ, ಲಿಫ್ಟ್ ಸುಮ್ನೆ ತೋರಿಕೆಗೆ.

ಗುಡ್ಡಪ್ರಿಯ: ಸಾಕ್ಷಿ ಇದೆಯಾ?

ಲೆಕ್ಕಪತ್ರ: ಅವರು ತೆರೆಯುತ್ತಾರೆ ಅನ್ನೋದಕ್ಕೆ ನಿಮ್ಮ ಹತ್ತಿರ ಇದೆಯಾ?

ತಮ್ಮನ ಅಕ್ಕ: ಸರ್, ಕೇಳಿದೆ. ಕುರ್ಚಿ ಕೆಳಗಿನ ಸ್ಟೇಷನ್‌ನಲ್ಲಿ ಹಾಕಿ ಮೇಲಕ್ಕೆ ಕಳಿಸ್ತಾರಂತೆ. ಇಪ್ಪತ್ತು ಚಿಲ್ಲರೆ ಆಗಿವೆ, ಎಲ್ಲಾ ಏರುವ ಬದಿಯಲ್ಲೇ. ಇಳಿಯುವ ಬದಿ ಖಾಲಿ ಹಗ್ಗ. ಮೊದಲು ಒಂದು ಗೇಣು ಜಾರ್ತಿತ್ತಂತೆ. ನಿನ್ನೆ ಒಂದು ಆಳುದ್ದ ಜಾರಿ ಆಮೇಲೆ ನಿಂತಿತಂತೆ. ಗೇರ್‌ಬಾಕ್ಸ್ ಹತ್ತಿರ ಬ್ರೇಕಿನ ಮೇಲೆ ಎಣ್ಣೆ ಜಿಡ್ಡು ಇದೆ, ಬಟ್ಟೆಯಲ್ಲಿ ಒರೆಸಿದ್ರೂ ಮತ್ತೆ ಬರುತ್ತೆ ಅಂದ.

ಲಿಫ್ಟ್ ಇಂಜಿನಿಯರ್: ಮೇಡಂ, ಇದು ಮಾಮೂಲಿ ಅಲ್ಲ. ಉದ್ದ ಬರೀತೀನಿ, ತಮ್ಮನಿಗೆ ಪೂರ್ತಿ ಓದಿ ಹೇಳಿ.

ಹಗ್ಗ ಸ್ವಲ್ಪ ಹಿಗ್ಗಿ ಕುಗ್ಗುತ್ತೆ. ನಿಂತಾಗ ಒಂದು ಗೇಣು ತೂಗಾಡಿ ಸುಮ್ಮನಾದರೆ ಅದು ಹಗ್ಗದ ಗುಣ. ಆದರೆ ಜಾರುವ ದೂರ ದಿನದಿನಕ್ಕೆ ಜಾಸ್ತಿ ಆಗ್ತಿದೆ. ಕುರ್ಚಿ ಹೆಚ್ಚಾದ ಹಾಗೆ ಜಾರಾಟ ಹೆಚ್ಚುತ್ತಿದೆ ಅಂದರೆ ಬ್ರೇಕು ಭಾರ ಹಿಡಿಯುತ್ತಿಲ್ಲ.

ಬಾವಿಯ ರಾಟೆ ನೆನೆಸಿಕೊಳ್ಳಿ. ತುಂಬಿದ ಕೊಡ ಅರ್ಧ ಮೇಲೆ ಬಂದಾಗ ಹಗ್ಗ ಕೈಬಿಟ್ಟರೆ ಕೊಡ ಸೀದಾ ಕೆಳಗೆ. ಚೇರ್‌ಲಿಫ್ಟ್ ಕೂಡ ಹಾಗೇ. ಜನ ಕೂತ ಕುರ್ಚಿಗಳು ಏರುವ ಬದಿಯಲ್ಲಿ, ಖಾಲಿ ಕುರ್ಚಿಗಳು ಇಳಿಯುವ ಬದಿಯಲ್ಲಿ. ಭಾರ ಯಾವಾಗಲೂ ಹಿಂದಕ್ಕೆ ಎಳೆಯುತ್ತಿರುತ್ತದೆ. ಎಲ್ಲಾ ಕುರ್ಚಿ ಹಾಕಿ ಖಾಲಿ ಓಡಿಸಿದರೆ ಎರಡೂ ಬದಿ ಸಮ ತೂಗುತ್ತವೆ, ಬ್ರೇಕು ಸತ್ತಿದ್ದರೂ ಗೊತ್ತಾಗಲ್ಲ. ನಿಮ್ಮ ತಮ್ಮ ಒಂದೇ ಬದಿಗೆ ಕುರ್ಚಿ ಹಾಕಿದ್ದರಿಂದ ಈಗಲೇ ಕಂಡಿದೆ. ಬರೀ ಕುರ್ಚಿಗಳ ತೂಕಕ್ಕೇ ಇಷ್ಟು. ಏರುವ ಬದಿಯಲ್ಲಿ 60 ಕುರ್ಚಿ, ಒಂದೊಂದರಲ್ಲಿ ಇಬ್ಬರು, ಒಬ್ಬರಿಗೆ 77 ಕೆಜಿ ಅಂತ ಹಿಡಿದರೂ 9 ಟನ್ ದಾಟುತ್ತದೆ.

ಎಣ್ಣೆ ಜಿಡ್ಡಿನ ವಿಷಯ. ವರ್ಷಗಟ್ಟಲೆ ನಿಂತ ಗೇರ್‌ಬಾಕ್ಸಿನ ಸೀಲ್ ಒಣಗಿ ಬಿರುಕು ಬಿಡುತ್ತದೆ. ಓಡಿಸಿದಾಗ ಎಣ್ಣೆ ಸೋರಿ ಪಕ್ಕದಲ್ಲೇ ಇರುವ ಸರ್ವಿಸ್ ಬ್ರೇಕಿಗೆ, ಅಂದರೆ ದಿನಾ ಲಿಫ್ಟ್ ನಿಲ್ಲಿಸುವ ಬ್ರೇಕಿಗೆ, ಬೀಳುತ್ತದೆ. ನನ್ನ ಅನುಮಾನ ಇದೇ. ಒರೆಸಿದರೆ ಸರಿಯಾಗಲ್ಲ. ಸೀಲ್ ಬದಲಾಯಿಸಬೇಕು, ಎಣ್ಣೆ ಕುಡಿದ ಪ್ಯಾಡ್ ಬಿಸಾಡಬೇಕು. ಗೇರ್‌ಬಾಕ್ಸ್ ಮುಚ್ಚಳ ತೆಗೆದು ಹಲ್ಲುಗಳನ್ನೂ ನೋಡಬೇಕು. ಎಣ್ಣೆ ಮಟ್ಟಕ್ಕಿಂತ ಮೇಲಿದ್ದ ಹಲ್ಲುಗಳಿಗೆ ತೇವ ಹಿಡಿದು ತುಕ್ಕು ಬಂದಿರುತ್ತದೆ.

ನನಗೆ ಜಾಸ್ತಿ ಚಿಂತೆ ಇರೋದು ಬೇರೆ ಕಡೆ. ಸರ್ವಿಸ್ ಬ್ರೇಕ್ ಸೋತರೆ ಹಿಡಿಯೋಕೆ ಇನ್ನೊಂದು ಬ್ರೇಕ್ ಇದೆ. ಅದು ಹಗ್ಗ ಸುತ್ತುವ ದೊಡ್ಡ ಚಕ್ರವನ್ನೇ ನೇರವಾಗಿ ಕಚ್ಚುತ್ತದೆ. ಜೊತೆಗೆ ಹಿಂದಕ್ಕೆ ತಿರುಗದಂತೆ ತಡೆಯುವ ಸಾಧನ ಬೇರೆ ಇರುತ್ತದೆ. ಒಂದು ಆಳುದ್ದ ಜಾರುವಷ್ಟರಲ್ಲಿ ಅವೆರಡರಲ್ಲಿ ಒಂದಾದರೂ ಬೀಳಬೇಕಿತ್ತು. ಬಿದ್ದಿದೆಯಾ? ಅಥವಾ ಯಾರಾದರೂ ಕೊಕ್ಕೆ ಹಾಕಿ ಎತ್ತಿ ಕಟ್ಟಿದ್ದಾರಾ? ತೊಂದರೆ ಆದರೆ ತಾನೇ ಲಿಫ್ಟ್ ನಿಲ್ಲಿಸುವ ಸೇಫ್ಟಿ ಸರ್ಕ್ಯೂಟ್‌ಗೆ ಎಲ್ಲಾದರೂ ತಂತಿ ಸುತ್ತಿ ಬೈಪಾಸ್ ಮಾಡಿದ್ದಾರಾ? ನಿಂತ ಲಿಫ್ಟ್‌ಗಳಲ್ಲಿ ಇಲಿ ತಂತಿ ಕಡಿದಿರುತ್ತೆ, ಅವಸರಕ್ಕೆ ಬೈಪಾಸ್ ಮಾಡಿ ಮರೆತುಬಿಡ್ತಾರೆ.

2018ರ ಮಾರ್ಚ್‌ನಲ್ಲಿ ಜಾರ್ಜಿಯಾ ದೇಶದ ಗುಡೌರಿಯಲ್ಲಿ ಚೇರ್‌ಲಿಫ್ಟ್ ನಿಂತು ಹಿಂದಕ್ಕೆ ಓಡಿತು. ವೇಗ ಏರುತ್ತಾ ಹೋಯಿತು. ಕೆಳಗಿನ ಸ್ಟೇಷನ್‌ನಲ್ಲಿ ಕುರ್ಚಿಗಳು ಒಂದರ ಮೇಲೊಂದು ಬಂದು ಬಿದ್ದವು, ಜನ ಎಸೆಯಲ್ಪಟ್ಟರು. ಅದು ಓಡಾಡ್ತಾ ಇದ್ದ ಲಿಫ್ಟು. ಇಲ್ಲಿರೋದು ಆರು ವರ್ಷ ನಿಂತಿದ್ದು.

ಮಾಡಬೇಕಾದ್ದು ಇಷ್ಟು. ಈಗಲೇ ಕುರ್ಚಿ ಹಾಕೋದು ನಿಲ್ಲಿಸಲಿ. ದೊಡ್ಡ ಚಕ್ರದ ಬ್ರೇಕ್ ಹಾಕಿ, ಮೇನ್ ಸ್ವಿಚ್ ಆಫ್ ಮಾಡಿ, ತಮ್ಮ ಸ್ವಂತ ಬೀಗ ಹಾಕಿ ಚೀಟಿ ಕಟ್ಟಲಿ. ಹಗ್ಗದ ಹತ್ತಿರ ಯಾರೂ ಹೋಗೋದು ಬೇಡ. ಜಾರಿದ ದೂರ, ಹೊತ್ತು, ಕುರ್ಚಿ ಸಂಖ್ಯೆ ಲಾಗ್ ಪುಸ್ತಕದಲ್ಲಿ ಬರೆದು ಮಾಲೀಕರಿಗೂ ತಪಾಸಣೆ ಕಚೇರಿಗೂ ಲಿಖಿತವಾಗಿ ಕೊಡಲಿ. ಬ್ಯಾಂಕಿನವರನ್ನು ಕೂರಿಸುವ ಮಾತೇ ಇಲ್ಲ. ಲೋಡ್ ಟೆಸ್ಟ್ ಅಂದರೆ ಜನರನ್ನು ಕೂರಿಸಿ ನೋಡೋದಲ್ಲ. ಏರುವ ಬದಿಯ ಕುರ್ಚಿಗಳಿಗೆ ನೀರಿನ ಡ್ರಮ್ ತುಂಬಿ, ಅಮೆರಿಕದ ಮಾನದಂಡದಲ್ಲಿ 110 ಪರ್ಸೆಂಟ್ ಭಾರ ಹಾಕಿ, ಒಂದೊಂದು ಬ್ರೇಕನ್ನೂ ಬೇರೆ ಬೇರೆಯಾಗಿ ಪರೀಕ್ಷಿಸುವುದು.

ಹಿಮದಾರಿ: ಅಂದ್ರೆ ಡಿಸೆಂಬರ್‌ಗೆ ತೆರೆಯಲ್ವಾ?

ಲಿಫ್ಟ್ ಇಂಜಿನಿಯರ್: ಮೇಲೆ ಓದಿ.

ಸ್ನೋಬೋರ್ಡ್ ಹುಡುಗ: ಲಿಫ್ಟ್ ಇಲ್ಲದಿದ್ರೂ ನಾವು ನಡ್ಕೊಂಡು ಹತ್ತಿ ಇಳೀಬಹುದಲ್ವಾ? ಹಿಮ ಅಂತೂ ಬೀಳುತ್ತೆ.

ಲಿಫ್ಟ್ ಇಂಜಿನಿಯರ್: ಬೇಡ. ಗಸ್ತಿನವರಿಲ್ಲ. ಹಿಮಕುಸಿತ ನೋಡಿಕೊಳ್ಳೋರಿಲ್ಲ. ಹಿಮದಡಿ ತಂತಿ, ಪೈಪ್, ಪೊದೆ ಮುಚ್ಚಿರುತ್ತೆ. ಕೆಲಸದವರು ಯಂತ್ರಕ್ಕೆ ಕಟ್ಟಿದ ವಿಂಚ್ ಹಗ್ಗ ಎಳೆದಿದ್ದರೆ ಕತ್ತಲಲ್ಲಿ ಕಾಣೋದೇ ಇಲ್ಲ.

ಮನೆ ಹುಡುಕ್ತಿದೀನಿ: ಸರ್, ಮನೆ ವಿಷಯ ಕೇಳಿದ್ದೆ.

ಹಳೇ ಸ್ಕೀಯರ್: ಇನ್ನೊಂದು ಬಂದಿದೆ: "ಲಿಫ್ಟ್ ಮಧ್ಯದಲ್ಲಿ ನಿಂತರೆ ಹೆದರಬೇಡಿ, ಸ್ಕೀ ಬಿಚ್ಚಿ ಹಾರಿ, ಹಿಮ ಮೆತ್ತಗಿರುತ್ತದೆ."

ಲಿಫ್ಟ್ ಇಂಜಿನಿಯರ್: ಇದನ್ನ ಯಾರೂ ಮುಂದೆ ಕಳಿಸಬೇಡಿ. ಹಾರಿದವರ ಕಾಲು, ಬೆನ್ನು ಮುರಿಯುತ್ತೆ. ಕೆಳಗಿನ ಹಿಮ ಎಷ್ಟೋ ಸಲ ಕಲ್ಲಿನಷ್ಟು ಗಟ್ಟಿ. ನೀವು ಹಾರಿದರೆ ಕುರ್ಚಿ ಮೇಲಕ್ಕೆ ಚಿಮ್ಮಿ ಹಗ್ಗ ಕುಣಿಯುತ್ತೆ, ಬೇರೆಯವರಿಗೂ ಅಪಾಯ. ಕೂತಿರಿ. ಹಗ್ಗ ಹಾಕಿ ಇಳಿಸೋಕೆ ತರಬೇತಿ ಪಡೆದವರು ಬರ್ತಾರೆ. ಆ ತಂಡ ಇಲ್ಲದ ರೆಸಾರ್ಟ್‌ಗೆ ಹೋಗಲೇಬೇಡಿ. ಅಡ್ಮಿನ್, ಫಾರ್ವರ್ಡ್ ಬೇಡ ಅಂತ ಬರೆದಿದ್ದೀರಿ. ತೆಗೆದುಹಾಕಿ.

ಹಳೇ ಸ್ಕೀಯರ್: ಒಳ್ಳೇದಾಗ್ಲಿ ಅಂತ ಹಾಕಿದ್ದು. ಇಷ್ಟು ಸಿಟ್ಟು ಯಾಕೆ?

ಗುಡ್ಡಪ್ರಿಯ: ಹೌದು, ಹಿರಿಯರ ಹತ್ತಿರ ಹೀಗೆ ಮಾತಾಡಬಾರದು. ಇಂಜಿನಿಯರ್ ಅವರೇ, ಮುಚ್ಚಿದ ರೆಸಾರ್ಟ್ ಹೊಸ ಮಾಲೀಕರಿಂದ ಚೆನ್ನಾಗಿ ತೆರೆದ ಒಂದು ಉದಾಹರಣೆನೂ ನಿಮಗೆ ಗೊತ್ತಿಲ್ವಾ?

ಲಿಫ್ಟ್ ಇಂಜಿನಿಯರ್: ಗೊತ್ತು, ಹೇಳ್ತೀನಿ. ಅಮೆರಿಕದ ಮೇನ್ ರಾಜ್ಯದ ಸ್ಯಾಡಲ್‌ಬ್ಯಾಕ್ 2015ರಲ್ಲಿ ಮುಚ್ಚಿತು. ಹಳೆಯ ಎರಡು ಸೀಟಿನ ಲಿಫ್ಟ್ ಬದಲಾಯಿಸಲು 30 ಲಕ್ಷ ಡಾಲರ್ ಬೇಕು ಅಂತ ಆಗಿನ ಮಾಲೀಕರು ಹೇಳಿದ್ದರು, ಹಣ ಹೊಂದಿಸೋಕೆ ಆಗಲಿಲ್ಲ. 2017ರಲ್ಲಿ ಕೊಳ್ಳುವವರು ಸಿಕ್ಕಿದರು ಅಂತ ಘೋಷಣೆ ಆಯಿತು. ವ್ಯವಹಾರ ಮುಗಿಯಲೇ ಇಲ್ಲ. 2020ರ ಜನವರಿಯಲ್ಲಿ ಬೇರೊಂದು ಹೂಡಿಕೆ ಸಂಸ್ಥೆ ಕೊಂಡಿತು. ಅವರು ಹಳೆಯ ಲಿಫ್ಟ್‌ಗೆ ಬಣ್ಣ ಬಳಿಯಲಿಲ್ಲ. ಅದನ್ನು ಕಿತ್ತು ನಾಲ್ಕು ಸೀಟಿನ ಹೊಸ ಹೈಸ್ಪೀಡ್ ಲಿಫ್ಟ್ ಹಾಕಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ತೆರೆಯಿತು. ಯೂಟಾದ ಎಲ್ಕ್ ಮೆಡೋಸ್ 2002ರಲ್ಲಿ ಮುಚ್ಚಿ, ಈಗಲ್ ಪಾಯಿಂಟ್ ಅನ್ನೋ ಹೆಸರಲ್ಲಿ 2010ರಲ್ಲಿ ತೆರೆಯಿತು.

ಗುಡ್ಡಪ್ರಿಯ: ನೋಡಿ ಲೆಕ್ಕಪತ್ರ ಅವರೇ. ಆಗುತ್ತೆ.

ಲೆಕ್ಕಪತ್ರ: ಪೂರ್ತಿ ಓದ್ರಿ. ಮಧ್ಯದಲ್ಲಿ ಘೋಷಣೆ ಮಾಡಿದವರು ಏನಾದರು? ನಮ್ಮ ಬೋರ್ಡೂ ಘೋಷಣೆನೇ.

ಗುಡ್ಡಪ್ರಿಯ: ನಿಮಗೆ ಊರು ಉದ್ಧಾರ ಆಗೋದು ಬೇಕಿಲ್ಲ.

ಲೆಕ್ಕಪತ್ರ: ನಿಮಗೆ ಕಮಿಷನ್ ಎಷ್ಟು ಬರುತ್ತೆ?

ಗುಡ್ಡಪ್ರಿಯ: ಬಾಯಿ ಬಿಗಿ ಹಿಡಿದು ಮಾತಾಡಿ!

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಮೇಪಲ್ ಮರ: ಜಗಳದ ಮಧ್ಯೆ ಕ್ಷಮಿಸಿ. ರೆಸಾರ್ಟ್‌ನವರು ಹಿಮ ತಾವೇ ಮಾಡ್ತೀವಿ, ಹವಾಮಾನ ನಂಬಬೇಕಿಲ್ಲ ಅಂತಿದಾರೆ. ನಿಜವಾ?

ಲಿಫ್ಟ್ ಇಂಜಿನಿಯರ್: ಹವಾಮಾನ ನಂಬಲೇಬೇಕು. ಹಿಮ ಮಾಡೋಕೆ ಚಳಿ ಬೇಕು. ತೇವಾಂಶ ಲೆಕ್ಕ ಹಾಕಿದ ತಾಪಮಾನ ಸುಮಾರು ಮೈನಸ್ 2 ಡಿಗ್ರಿಗೆ ಇಳಿಯಬೇಕು. ನೀರು ಬೇಕು: ಒಂದು ಎಕರೆಗೆ ಒಂದಡಿ ಹಿಮ ಅಂದರೆ 6 ಲಕ್ಷ ಲೀಟರ್‌ಗೂ ಹೆಚ್ಚು. ಆ ನೀರು ತೆಗೆಯೋ ಹಕ್ಕು ಹೊಸಬರ ಹೆಸರಿಗೆ ಬಂದಿದೆಯಾ ಕೇಳಿ. ಮುಚ್ಚುವಾಗ ಪೈಪ್‌ಗಳಿಂದ ನೀರು ಖಾಲಿ ಮಾಡಿದ್ದರಾ? ಮಾಡದಿದ್ದರೆ ಮೊದಲ ಚಳಿಗಾಲಕ್ಕೇ ಒಡೆದಿರುತ್ತವೆ.

ಮಕ್ಕಳ ಕ್ಲಾಸ್: ನನ್ನ ಮಗಳನ್ನ ಅಲ್ಲಿ ಸ್ಕೀ ಕ್ಲಾಸ್‌ಗೆ ಸೇರಿಸಬಹುದಾ? ಅಡ್ವಾನ್ಸ್ ಕೇಳ್ತಿದಾರೆ.

ಬೆಟ್ಟದ ಬಳಗ: ಲಿಫ್ಟ್ ಕತೆ ಹೀಗಿದ್ದರೆ ಊರಿನವರೇ ಸೇರಿ ನಡೆಸೋಕೆ ಆಗಲ್ವಾ ಸರ್?

ಲಿಫ್ಟ್ ಇಂಜಿನಿಯರ್: ಆಗುತ್ತೆ, ಆದರೆ ಚಿಕ್ಕದಾಗಿ. ಅಮೆರಿಕದ ವರ್ಮಾಂಟ್ ರಾಜ್ಯದ ಆಸ್ಕಟ್ನಿ ರೆಸಾರ್ಟ್ 2010ರಲ್ಲಿ ಮುಚ್ಚಿತು, ಚೇರ್‌ಲಿಫ್ಟ್‌ಗಳು ಮಾರಾಟವಾದವು. ಆಮೇಲೆ ಊರು ಜಮೀನು ಕೊಂಡಿತು. ಈಗ ಸ್ವಯಂಸೇವಕರು ಗುಡ್ಡದ ಕೆಳಭಾಗದಲ್ಲಿ ಹಗ್ಗ ಹಿಡಿದು ಏರುವ ಟೋ, ಸೊಂಟದ ಹಿಂದೆ ಅಡ್ಡಕೋಲು ಇಟ್ಟು ಮೇಲಕ್ಕೆ ಎಳೆಯುವ ಒಂದು ಟಿ-ಬಾರ್ ನಡೆಸ್ತಾರೆ. ಜನ ನೆಲದ ಮೇಲೇ ಇರ್ತಾರೆ, ಆಕಾಶದಲ್ಲಿ ತೂಗಾಡಲ್ಲ. ಖರ್ಚೂ ಕಡಿಮೆ. ನಿಮ್ಮ ಗುಡ್ಡಕ್ಕೆ ಇದೇ ಸರಿ ಅಂತ ನನಗೆ ಅನ್ನಿಸುತ್ತೆ.

ಗುಡ್ಡಪ್ರಿಯ: ಟಿ-ಬಾರ್ ನೋಡೋಕೆ ಯಾರೂ ಬರಲ್ಲ.

ಹಿಮದಾರಿ: ಸರ್ ಕೊನೇ ಸಲ. ತೆರೆಯೋ ಚಾನ್ಸ್ ಎಷ್ಟು ಪರ್ಸೆಂಟ್?

ಲಿಫ್ಟ್ ಇಂಜಿನಿಯರ್: ಇದಕ್ಕೆ ಇನ್ನು ಉತ್ತರ ಕೊಡಲ್ಲ.

ತಮ್ಮನ ಅಕ್ಕ: ಸರ್, ತಮ್ಮ ಬೀಗ ಹಾಕಿದ. ಹಿಂದಕ್ಕೆ ತಿರುಗದಂತೆ ತಡೆಯೋದು ಅಂದ್ರಲ್ಲ, ಅದನ್ನ ನೈಲಾನ್ ಹಗ್ಗದಿಂದ ಎತ್ತಿ ಕಟ್ಟಿದ್ದರಂತೆ. ಕುರ್ಚಿ ಹಾಕುವಾಗ ಅಡ್ಡ ಬರುತ್ತೆ ಅಂತ ಮುಂಚೆ ಇದ್ದವರು ಕಟ್ಟಿದ್ದಂತೆ. ಬಿಚ್ಚಿದ್ದಕ್ಕೆ ಮಾಲೀಕರು ಬೈದರು. ಬೀಗ ತೆಗೆಯದಿದ್ದರೆ ಕೆಲಸಕ್ಕೆ ಬರಬೇಡ ಅಂದಿದಾರೆ.

ಲಿಫ್ಟ್ ಇಂಜಿನಿಯರ್: ತೆಗೆಯಬಾರದು. ಕಟ್ಟಿದ್ದ ಹಗ್ಗ, ಎಣ್ಣೆ ಬಿದ್ದ ಬ್ರೇಕು, ಬೀಗದ ಚೀಟಿ, ಲಾಗ್ ಪುಸ್ತಕದ ಪುಟ, ನಾಲ್ಕರ ಫೋಟೊ ತೆಗೆದು ಇಟ್ಟುಕೊಳ್ಳಲಿ. ತಪಾಸಣೆ ಕಚೇರಿಗೆ ನಾಳೆವರೆಗೆ ಕಾಯೋದು ಬೇಡ, ಇವತ್ತೇ ಫೋನ್ ಮಾಡಲಿ. ಆ ಬ್ಯಾಂಕಿನವರು ಬರೋ ಮುಂಚೆ ಅವರಿಗೂ ಗೊತ್ತಾಗಬೇಕು. ಏನು ಬರೀಬೇಕು ಅಂತ ತಿಳಿಯದಿದ್ದರೆ ನನಗೆ ಖಾಸಗಿಯಾಗಿ ಮೆಸೇಜ್ ಹಾಕಲಿ, ನಾನೇ ಬರೆದುಕೊಡ್ತೀನಿ. ಉಳಿದ ಪ್ರಶ್ನೆಗಳಿಗೆ ಇವತ್ತು ಆಗಲ್ಲ.

ಮನೆ ಹುಡುಕ್ತಿದೀನಿ: ಸರ್, ನನ್ನದು ಒಂದೇ ಪ್ರಶ್ನೆ ಇದ್ದದ್ದು.

ಅಡ್ಮಿನ್: ಕಾಮೆಂಟ್ ಮುಚ್ಚುತ್ತಿದ್ದೇನೆ.